ಮುಸರತಳ ಕೆಟ್ಟ ಇಮೇಲುಗಳು

ರಾಣೆಬೆನ್ನೂರಿನ ಪುಟ್ಟ ಕಚೇರಿಯೊಂದರಲ್ಲಿ ಇಮೇಲ್ ತಂತ್ರಾಂಶವನ್ನು ಪರೀಕ್ಷಿಸುವುದು ಮುಸರತಳ ಕೆಲಸ. ಅವಳ ಫೋಲ್ಡರಿನಲ್ಲಿ ಒಳ್ಳೆಯ ಇಮೇಲುಗಳ ಜೊತೆಗೆ ಕೆಟ್ಟವೂ ಇದ್ದವು: ಅರ್ಧಕ್ಕೆ ತುಂಡಾದವು, ದಿನಾಂಕ ತಪ್ಪಿದವು, ಕಳಿಸಿದವರ ಹೆಸರೇ ಇಲ್ಲದವು. ಅಂಥವನ್ನು ತೆರೆದೂ ತಂತ್ರಾಂಶ ಕೆಡದಿದ್ದರೆ ಅದು ಗಟ್ಟಿ ಎಂದರ್ಥ. ಸೋಮವಾರ ಅದನ್ನು ಗಿರಾಕಿಗೆ ಒಪ್ಪಿಸಬೇಕಿತ್ತು.

ಶುಕ್ರವಾರದ ಪರೀಕ್ಷೆ ಒಂದೂ ತಪ್ಪಿಲ್ಲದೆ ಮುಗಿಯಿತು. ಮಾಲೀಕ ಮನೋಹರ ಹಿಗ್ಗಿದ. ಮುಸರತಳಿಗೆ ಗುಮಾನಿ ಬಂತು. ಫೋಲ್ಡರ್ ತೆರೆದು ನೋಡಿದರೆ ಕೆಟ್ಟದ್ದೊಂದೂ ಇಲ್ಲ.

"ಇದನ್ನ ಯಾರು ಮುಟ್ಟೀರಿ?"

ಹೊಸದಾಗಿ ಸೇರಿದ್ದ ಸುಭಾಷ ಹೆಮ್ಮೆಯಿಂದ ಕೈ ಎತ್ತಿದ. ಅವನದು ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಮನೆತನ.

"ನಾನ ಅಕ್ಕಾರ. ಕೆಟ್ಟಿದ್ದು ಭಾಳ ಇದ್ವು, ಆರಿಸಿ ಒಗದೆ. ಕಸದ ಬುಟ್ಟೀನೂ ಖಾಲಿ ಮಾಡೇನಿ. ಒಂದು ಕೊಳತಿದ್ದು ಇಡೀ ಚೀಲಾ ಕೆಡಸತೈತಿ."

"ಶಾಣ್ಯಾ! ಆ ಕೊಳತಿದ್ದ ನನ್ನ ಮಾಲು! ಕುಂಡ್ರು. ಛಲೋವು ತಗೊಂಡು ಕೆಡಸು."

ಸುಭಾಷ ಅಳುಕುತ್ತ ಒಂದು ಇಮೇಲಿನ ಅಲ್ಪವಿರಾಮ ತೆಗೆದ.

"ಮಾವನ ಮನ್ಯಾಗ ಉಣ್ಣಾಕ ಕುಂತಂಗ ಯಾಕ ಮಾಡ್ತಿ? ಕೈಬಿಚ್ಚಿ ಕೆಡಸೋ!"

ಮಧ್ಯಾಹ್ನದ ಹೊತ್ತಿಗೆ ಅವನಿಗೆ ಹುರುಪು ಬಂತು. ಒಂದರ ತಲೆ ಹಾರಿಸಿದ, ಇನ್ನೊಂದರ ಬಾಲ ಕತ್ತರಿಸಿದ. ಸಂಜೆ ಅವನು ಕೆಡಿಸಿದ ಇಮೇಲೊಂದನ್ನು ತೆರೆದದ್ದೇ ತಡ, ತಂತ್ರಾಂಶ ಗಪ್ಪನೆ ನಿಂತುಬಿಟ್ಟಿತು.

ಮನೋಹರ ತಲೆಯ ಮೇಲೆ ಕೈ ಹೊತ್ತ. ಮುಸರತ ಕುರ್ಚಿ ಎಳೆದುಕೊಂಡಳು.

"ಗಿರಾಕಿ ಮುಂದ ಬೀಳೋದು ನಮ್ಮ ಮುಂದ ಬಿತ್ತಲ್ಲ ಸರ್, ಖುಷಿ ಪಡ್ರಿ. ಇನ್ನೂ ಎರಡು ದಿನಾ ಅದಾವ. ಸುಭಾಷಾ, ನೀ ನಿಲ್ಲಸಬ್ಯಾಡ, ಇನ್ನಷ್ಟು ಕೆಡಸು."