ಯಾರ ಬಾಯಿ ಎಂದು ಕೇಳಿದ ವೈದ್ಯೆ

ದಂತವೈದ್ಯಕ್ಕೆ ಬಂದ ಪ್ರತಿ ಹೊಸ ಯಂತ್ರಕ್ಕೂ ಕೈಮುಗಿದವರು ಹಲವರು, ಮೂಗು ಮುರಿದವರು ಕೆಲವರು. ಯಂತ್ರ ಹೇಳಿದ್ದನ್ನು ರೋಗಿಯ ಬಾಯಿಯೊಂದಿಗೆ ತಾಳೆ ನೋಡಿದವರು ತೀರ ವಿರಳ. ನಮ್ಮ ಸರ್ಕಾರಿ ದಂತ ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಈಗ ನಿವೃತ್ತರಾಗುತ್ತಿರುವ, ನಾವೆಲ್ಲ ದೊಡ್ಡ ಡಾಕ್ಟರಮ್ಮ ಎಂದು ಕರೆಯುವ ಹಿರಿಯರು ಆ ವಿರಳರಲ್ಲಿ ಒಬ್ಬರು. ಅವರ ಬೀಳ್ಕೊಡುಗೆ ಸಂಚಿಕೆಯ ಸಂಪಾದಕರು ನನ್ನಿಂದ ಎರಡು ಸಿಹಿ ಮಾತು ಕೇಳಿದ್ದಾರೆ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು, ಇಲ್ಲಿನ ಕುರ್ಚಿ, ಪಂಪು ರಿಪೇರಿ ಮಾಡುವ ನನಗೆ ಸಿಹಿ ಬರುವುದಿಲ್ಲ, ನಡೆದದ್ದನ್ನು ಬರೆಯುತ್ತೇನೆ.

ಡಾಕ್ಟರಮ್ಮ ಬಂದಾಗ ಇಲ್ಲಿದ್ದದ್ದು ಎರಡೇ ಕುರ್ಚಿಯಂತೆ. ಎಕ್ಸ್‌ರೇ ಫಿಲ್ಮನ್ನು ತೊಳೆದು, ಕ್ಲಿಪ್ಪಿಗೆ ಸಿಕ್ಕಿಸಿ, ಒಣಗುವವರೆಗೆ ರೋಗಿಯನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದರಂತೆ. ಹಲ್ಲಿನ ಚಿತ್ರ ಕ್ಷಣದಲ್ಲಿ ಪರದೆಗೆ ಬರುವ ಯಂತ್ರಕ್ಕಾಗಿ ಮೇಲಿನವರಿಗೆ ಆರು ವರ್ಷ ಅರ್ಜಿ ಬರೆದು ತರಿಸಿದವರೂ ಅವರೇ. ಗುತ್ತಿಗೆದಾರನ ಜೊತೆ ಜಗಳವಾಡಿ ಕೆಲಸ ಕಳೆದುಕೊಂಡಿದ್ದ ನನ್ನನ್ನು ಸೇರಿಸಿಕೊಂಡು, ಆ ಯಂತ್ರದ ಇಂಗ್ಲಿಷ್ ಪುಸ್ತಕವನ್ನು ಊಟದ ಬಿಡುವಿನಲ್ಲಿ ಸಾಲುಸಾಲಾಗಿ ಓದಿ ಹೇಳಿದರು. "ಸ್ಕೂಲು ಬಿಟ್ಟೆ ಸರಿ, ಓದೋದನ್ನ ಯಾಕೋ ಬಿಟ್ಟೆ?" ಎಂಬುದೊಂದೇ ಅವರ ಬೈಗುಳ.

ನಾನಿರುವುದು ಅಕ್ಕನ ಮನೆಯಲ್ಲಿ. ಎರಡು ವರ್ಷದ ಹಿಂದೆ ಭಾವ ತಮ್ಮ ಮಗಳಿಗೆಂದು, ಹಲ್ಲು ಎಷ್ಟು ಚೆನ್ನಾಗಿ ಉಜ್ಜಿದೆವೆಂದು ಫೋನಿಗೆ ಅಂಕ ಕಳಿಸುವ ಬ್ರಷ್ ತಂದರು. ಹುಡುಗಿಗೆ ಆಗ ಎಂಟು ವರ್ಷ. ಸಣಕಲಿಯಾದ್ದರಿಂದ ನಾವು ಅವಳನ್ನು ಕರೆಯುವುದು ಕಡ್ಡಿ ಎಂದು. ಅಂದಿನಿಂದ ತಿಂಡಿಯ ಮೇಜು ಕೋರ್ಟಾಯಿತು. "ಎಪ್ಪತ್ತೆರಡಾ? ನೂರಕ್ಕೆ ಎಪ್ಪತ್ತೆರಡಾ?" ಎಂದು ಭಾವ. "ನಿಮ್ಮ ಮಗಳೇ ಅಲ್ವಾ, ಬಚ್ಚಲಲ್ಲಿ ನೀವೇ ನಿಂತು ಉಜ್ಜಿಸಿ" ಎಂದು ಅಕ್ಕ. ನಡುವೆ ಕಡ್ಡಿಯ ಅಳು. ಹಲ್ಲಿನ ಹೆಸರಿನಲ್ಲಿ ಮನೆಮನೆಗೆ ಹೆದರಿಕೆ ಮಾರುವವರ ಮೇಲೆ ನನಗಿದ್ದ ಸಿಟ್ಟು ನೆತ್ತಿಗೇರಿ, ನಾನೊಂದು ಉಪಾಯ ಮಾಡಿದೆ. ದಿನಾ ಎರಡು ಹೊತ್ತು, ಬಚ್ಚಲ ಬಾಗಿಲು ಹಾಕಿಕೊಂಡು, ಬ್ರಷ್ಷಿನ ತಲೆ ಬದಲಾಯಿಸಿ ನನ್ನ ಹಲ್ಲನ್ನೇ ಉಜ್ಜಿದೆ. ತೊಂಬತ್ತೆಂಟು ಬಂತು. ಮನೆ ತಣ್ಣಗಾಯಿತು. ಗುಟ್ಟು ಗೊತ್ತಿದ್ದ ಕಡ್ಡಿಗೆ ಹಳೇ ಬ್ರಷ್ಷಲ್ಲಿ ಉಜ್ಜಿಕೋ ಎಂದಿದ್ದೆ. ಅವಳು ಬರೀ ನೀರು ಮುಕ್ಕಳಿಸಿ ಓಡುತ್ತಿದ್ದಳೆಂಬುದು ನನಗೆ ಗೊತ್ತಿರಲಿಲ್ಲ; ನಾನು ನೋಡಲೂ ಇಲ್ಲ.

ನಾಲ್ಕು ತಿಂಗಳಿಗೆ ಅವಳು ಎಡಗಡೆ ಅಗಿಯುವುದನ್ನು ನಿಲ್ಲಿಸಿದಳು. ಅಕ್ಕ, ಭಾವ ಅವಳನ್ನು ಆಸ್ಪತ್ರೆಗೆ ಕರೆತಂದಾಗ ನಾನು ಪಕ್ಕದ ಕುರ್ಚಿಯ ಕೆಳಗೆ ಮಲಗಿ ನೀರಿನ ಪೈಪು ಬಿಚ್ಚುತ್ತಿದ್ದೆ. "ನೋಡಿ ಮೇಡಂ, ಎಲ್ಲಾ ಹಸಿರು" ಎಂದು ಭಾವ ಫೋನು ಚಾಚಿದರು. ಡಾಕ್ಟರಮ್ಮ ಅದನ್ನೂ ಪೂರ್ತಿ ನೋಡಿ, ಆಮೇಲೆ ಪುಟ್ಟ ಕನ್ನಡಿಯನ್ನು ಬಾಯಿಗಿಟ್ಟರು.

"ಈ ಬಾಯಿ ಬ್ರಷ್ ಕಂಡು ತಿಂಗಳುಗಳೇ ಆಗಿವೆ."

"ಏನೇ, ಫೋನಿಗೂ ಟೋಪಿ ಹಾಕ್ತೀಯಾ?" ಎಂದು ಭಾವ ಅಬ್ಬರಿಸಿದರು. ಕಡ್ಡಿಯ ಕಣ್ಣು ಪಕ್ಕದ ಕುರ್ಚಿಯ ಕೆಳಗಿನ ನನ್ನ ಕಾಲಿನ ಮೇಲಿತ್ತು. ಎಕ್ಸ್‌ರೇ ತೆಗೆಯಬೇಕೆಂದು ಅಕ್ಕ, ಭಾವ ಇಬ್ಬರನ್ನೂ ಹೊರಗೆ ಕಳಿಸಿ, ಆ ನೋಟವನ್ನು ಗಮನಿಸಿದ್ದ ಡಾಕ್ಟರಮ್ಮ ನನ್ನತ್ತ ತಿರುಗಿದರು.

"ಬಾರೋ, ಬಾಯಿ ತೆಗಿ. ಹೋದ ವರ್ಷ ನಿನ್ನ ಹಲ್ಲು ಕ್ಲೀನ್ ಮಾಡಿದಾಗ ಒಸಡಲ್ಲಿ ರಕ್ತ ಸೋರ್ತಿತ್ತು. ಈಗ ಫಳಫಳ ಅಂತಿದೆ. ಏನು ಸಮಾಚಾರ?"

ನಾನು ಸಿಡಿದೆ. "ಆ ಹಾಳು ಬ್ರಷ್ಷೇ ಮೇಡಂ, ಮನೆ ಹಾಳು ಮಾಡಿದ್ದು!"

"ಬ್ರಷ್ ಸುಳ್ಳು ಹೇಳಿಲ್ಲಪ್ಪ. ಒಂದು ಬಾಯನ್ನ ಚೆನ್ನಾಗಿ ಉಜ್ಜಿದ್ದಾರೆ ಅಂತ ಹೇಳ್ತು. ಯಾರ ಬಾಯಿ ಅಂತ ನೀವು ಮೂರು ಜನರಲ್ಲಿ ಒಬ್ಬರಾದ್ರೂ ನೋಡಿದ್ರಾ? ನಾನು ಯಾರಿಗೂ ಹೇಳಲ್ಲ. ನೀನು ಹೇಳದೆ ಇದ್ರೆ ಈ ತಪ್ಪು ಇವಳ ತಲೆ ಮೇಲೇ ಉಳಿಯತ್ತೆ."

ಕಡ್ಡಿಗೆ ಕೆಟ್ಟಿದ್ದು, ಬಿದ್ದರೆ ಮತ್ತೆ ಹುಟ್ಟದ ದವಡೆ ಹಲ್ಲು. ಕನ್ನಡಿಗೆ ಕಂಡದ್ದು ಕಪ್ಪು ಗುಳಿ ಮಾತ್ರ. ಹುಳುಕು ನರ ಮುಟ್ಟಲು ಕೂದಲೆಳೆಯಷ್ಟು ಬಾಕಿಯಿದೆಯೆಂದು ತೋರಿಸಿದ್ದು ಅವರು ಕಾಡಿಬೇಡಿ ತರಿಸಿದ ಪರದೆ. ಅಂದೇ ಹುಳುಕು ಕೆರೆದು ಹಲ್ಲು ತುಂಬಿದರು. ಅಷ್ಟರಲ್ಲಿ ನಾನು ಹೊರಗೆ ಬೆಂಚಿನ ಬಳಿ ನಿಂತು ಎಲ್ಲವನ್ನೂ ಒದರಿದ್ದೆ. ಭಾವ ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಆದರೆ ಡಾಕ್ಟರಮ್ಮ ಹೇಳಿಕೊಟ್ಟಂತೆ, ಅಂದಿನಿಂದ ರಾತ್ರಿ ಮಗಳ ಗಲ್ಲ ಹಿಡಿದು ಟಾರ್ಚ್ ಬಿಟ್ಟು ನೋಡುತ್ತಾರೆ. ಬ್ರಷ್ ಇದೆ, ಅಂಕಿಯನ್ನು ಮೇಜಿನ ಮೇಲೆ ಯಾರೂ ಓದುವುದಿಲ್ಲ.

ಮಕ್ಕಳ ಹಲ್ಲು ತೋರಿಸಲು ಬರುವವರು ಅಂಥ ಬ್ರಷ್ ಕೊಳ್ಳಬೇಕೇ ಎಂದು ಕೇಳಿದರೆ ಡಾಕ್ಟರಮ್ಮ, "ನಮ್ಮ ರಿಪೇರಿಯವನನ್ನ ಕೇಳಿ" ಎಂದು ನನ್ನ ಬಳಿ ಕಳಿಸುತ್ತಾರೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಹೆದರಿಕೆ ಮಾರುವವರ ಮೇಲಿನ ಸಿಟ್ಟು ನನಗಿನ್ನೂ ಆರಿಲ್ಲ. ಅದರಲ್ಲಿ ನನ್ನ ಪಾಲು ಎಷ್ಟೆಂದು ಈಗ ಗೊತ್ತಿದೆ, ಅಷ್ಟೇ.

ನಿವೃತ್ತಿಯ ನಂತರವೂ ಅವರು ವಾರಕ್ಕೆರಡು ದಿನವಾದರೂ ಬಂದು ಕೂರಲಿ, ಕಿರಿಯ ವೈದ್ಯರ ಕೈಗೆ ಆ ಪುಟ್ಟ ಕನ್ನಡಿ ಹಿಡಿಸಲಿ ಎಂದು ಕೋರುತ್ತೇನೆ. ಕಡ್ಡಿಯ ಹಲ್ಲಿಗೆ ಇನ್ನೂ ಅರವತ್ತು ವರ್ಷದ ಕೆಲಸವಿದೆ, ಅಲ್ಲಿಯವರೆಗೂ ಅದನ್ನು ಅವರೇ ನೋಡಬೇಕು. ಆಗ ಅವರಿಗೆ ನೂರಿಪ್ಪತ್ತಾಗಿರುತ್ತದೆ, ಆಗಲಿ.