ಈರಮ್ಮನ ಗಂಟಿಗೆ ಹುರುಳಿ ಕಟ್ಟು

ನಾಸಿಕದ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಈರಮ್ಮನ ಮನೆ ಗೊತ್ತಿಲ್ಲದ ಕನ್ನಡದ ಹುಡುಗ ಇರಲಿಲ್ಲ. ಬೀದರಿನಿಂದ ಗಂಡ ಗುರುಲಿಂಗಪ್ಪನ ಹಿಂದೆ ಬಂದವಳು. ಅಲ್ಲಿ ಫಿಟರನಾಗಿದ್ದ ಅವನ ಪಗಾರಕ್ಕೆ ತನ್ನದೂ ಒಂದಿಷ್ಟು ಸೇರಲೆಂದು, ಮದುವೆಯಾಗದ ಕೆಲಸಗಾರ ಹುಡುಗರಿಗೆ ಜೋಳದ ರೊಟ್ಟಿಯ ಡಬ್ಬಿ ಕಟ್ಟುತ್ತಿದ್ದಳು. ಅವಳು ರೊಟ್ಟಿ ಬಡಿಯುವ ಸದ್ದಿಗೇ ಆ ಸಾಲಿನ ಮನೆಗಳು ಏಳುತ್ತಿದ್ದವು.

ಎಂಬತ್ತೆಂಟರ ಚಳಿಗಾಲದಲ್ಲಿ ಎದೆಯಲ್ಲೊಂದು ಗಂಟು ಕೈಗೆ ತಾಕಿತು. ನಾಸಿಕದ ಡಾಕ್ಟರು ಪರೀಕ್ಷೆ ಮಾಡಿಸಿ ಕ್ಯಾನ್ಸರ್ ಎಂದರು. ಬೇಗ ಬಂದಿದ್ದೀರಿ, ಆಪರೇಷನ್ ಮಾಡೋಣ ಎಂದೂ ಹೇಳಿದರು. ತಿರುಗಿ ಬರುವ ಬಸ್ಸಿನಲ್ಲಿ ಗುರುಲಿಂಗಪ್ಪ ಕಿಟಕಿಯ ಕಡೆ ನೋಡುತ್ತ, "ಯಾರ ಮುಂದೂ ಆ ಹೆಸರ ತಗೀಬ್ಯಾಡ. ಮಂದಿ ಅಂಟುರೋಗ ಅಂತಾರ. ನಿನ್ನ ಕೈಯಾನ ರೊಟ್ಟಿ ಯಾರೂ ಮುಟ್ಟಂಗಿಲ್ಲ," ಎಂದ.

"ಮತ್ತ ದವಾಖಾನಿಗಿ ಯಾಕ ಅಂದ್ರ ಏನ್ ಹೇಳಲಿರಿ?"

"ಕಿಡ್ನಿಯಾಗ ಹರಳ ಅನ್ನು."

ಹರಳಿಗೆ ಹುರುಳಿ ಕಟ್ಟೇ ಮದ್ದು ಎಂಬುದರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳಿಗೆ ಜಗಳವಿಲ್ಲ. ಪಕ್ಕದ ಮನೆಯ ಸೊಲ್ಲಾಪುರದ ರುಕ್ಮಿಣಿಬಾಯಿ ದಿನಾ ತಂಬಿಗೆ ತುಂಬ ತಂದಳು. ಬ್ಯಾಂಕಿನವರ ಹೆಂಡತಿ ವಸುಧಾ ಬಾಳೆದಿಂಡಿನ ಪಲ್ಯ ತಂದಳು. ಪಾತ್ರೆಯ ತಳ ಕಾಣುವವರೆಗೆ ಇಬ್ಬರೂ ಎದುರು ಕೂತು ಕಾಯುತ್ತಿದ್ದರು. ಹುರುಳಿಯ ವಾಸನೆಗೇ ಈರಮ್ಮನಿಗೆ ವಾಕರಿಕೆ. ಅದಕ್ಕಿಂತ ಹೆಚ್ಚಾಗಿ, ಅವರ ಪ್ರೀತಿಯೆಲ್ಲ ತಪ್ಪು ವಿಳಾಸಕ್ಕೆ ಹೋಗುತ್ತಿದೆಯಲ್ಲ ಎಂದು ಒಳಗೆ ಚುಚ್ಚುತ್ತಿತ್ತು.

ಆಸ್ಪತ್ರೆಗೆ ಹೊರಡುವ ಹಿಂದಿನ ದಿನ, ಒಲೆಯ ಮುಂದೆ ಕೂತಿದ್ದ ಅವಳು ತಂಬಿಗೆಯನ್ನು ಬಾಯಿಗಿಡದೆ ಪಕ್ಕಕ್ಕೆ ಸರಿಸಿದಳು.

"ಬಾಯೀ, ಇದು ಹರಳಲ್ಲರಿ. ಎದಿಯಾಗ ಕ್ಯಾನ್ಸರ್ ಗಂಟದ."

ಹೆಂಚಿನ ಮೇಲಿನ ರೊಟ್ಟಿ ಉಬ್ಬಿ ತಾನೇ ಇಳಿಯಿತು. ವಸುಧಾ ತಲೆ ತಗ್ಗಿಸಿದಳು. ರುಕ್ಮಿಣಿಬಾಯಿ ಮೆಲ್ಲಗೆ ಕೇಳಿದಳು, "ಅಂಟತದೇನು?"

"ಇಲ್ಲಂತ. ನಾನೂ ಡಾಕ್ಟರಿಗೆ ಮೊದಲ ಅದನ್ನೇ ಕೇಳೀನಿ."

"ಮತ್ತ ನನ್ನ ಡಬ್ಬಿಗಟ್ಟಲೆ ಹುರುಳಿ ಯಾಕ ಹಾಳ ಮಾಡಿದಿ?" ರುಕ್ಮಿಣಿಬಾಯಿ ಗದರುತ್ತಲೇ ಕಣ್ಣೊರೆಸಿಕೊಂಡಳು.

"ಹಾಳಾಗಿಲ್ಲರಿ. ಇನ್ನೆರಡ ದಿನ ಕುಡದಿದ್ರ ಕುದುರಿ ಹಂಗ ಓಡತಿದ್ದೆ."

ಮೊದಲು ನಕ್ಕವಳು ವಸುಧಾ.

ಸಂಜೆ ಡಬ್ಬಿಗೆ ಬಂದ ಹುಡುಗರಿಗೂ ಈರಮ್ಮ ತಾನೇ ಹೇಳಿದಳು. "ಬ್ಯಾಡನ್ನೋರು ಈಗೇ ಹೇಳ್ರಪ್ಪ, ಸಿಟ್ಟಿಲ್ಲ." ರತ್ನಾಕರನೆಂಬ ಹುಡುಗ ಡಬ್ಬಿ ಅಲ್ಲೇ ಬಿಟ್ಟು ಬರಿಗೈಯಲ್ಲಿ ಹೋದ. ಅವಳಿಗೆ ನೋವಾಯಿತು. "ಅವನ ಪಾಲಿಂದೂ ನನಗೇ ಕೊಡ್ರಿ ಅಕ್ಕಾ," ಎಂದು ಅವರಲ್ಲೇ ಇನ್ನೊಬ್ಬ, ಸದಾನಂದ, ಕೈಚಾಚಿದ.

ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನ ರೊಟ್ಟಿ ಬಡಿಯುವ ಪಾಳಿ ವಸುಧಾಳದು. ಆಪರೇಷನ್ ಆದ ಮೇಲೆ ನೋಡಲು ಬಂದ ಸದಾನಂದ ಮಂಚದ ಬದಿಗೆ ಕೂತು ದೂರಿದ: "ಲಗೂ ಬರ್ರಿ ಅಕ್ಕಾ. ಆ ರೊಟ್ಟಿಗಿ ರಿವೆಟ್ ಹೊಡದು ವಿಮಾನಕ್ಕ ಹಚ್ಚಬೌದು."

"ನಗಸಬ್ಯಾಡೋ, ಹೊಲಿಗಿ ಹಾಕ್ಯಾರ," ಎಂದು ಈರಮ್ಮ ಪಟ್ಟಿಯನ್ನು ಒತ್ತಿ ಹಿಡಿದಳು.

ಪಕ್ಕದ ಮಂಚದ ಮುದುಕಿ, ನಿಮ್ಮ ಹೆಂಡತಿಗೆ ಏನಾಗಿದೆ ಎಂದು ಗುರುಲಿಂಗಪ್ಪನನ್ನು ಮರಾಠಿಯಲ್ಲಿ ಕೇಳಿದಳು. ಅವನು ಹೆಂಡತಿಯ ಮುಖ ನೋಡಿದ. ತುಟಿಯಲ್ಲೇ ಹೇಳಿದ. ಮುದುಕಿಗೆ ಕಿವಿ ಮಂದ, ಮತ್ತೆ ಕೇಳಿದಳು. ಗುರುಲಿಂಗಪ್ಪ ಗಂಟಲು ಸರಿಪಡಿಸಿಕೊಂಡು, ಕಾರ್ಖಾನೆಯ ಗದ್ದಲದಲ್ಲಿ ಪಳಗಿದ ದನಿಯಲ್ಲಿ, ಕ್ಯಾನ್ಸರ್ ಇತ್ತು, ತೆಗೆದಿದ್ದಾರೆ ಎಂದ.

ಇಡೀ ವಾರ್ಡಿಗೆ ಕೇಳಿತು. ಯಾರೂ ಮಂಚ ದೂರ ಸರಿಸಲಿಲ್ಲ.