ಸೂಜಿ ಇಲ್ಲದ ಕೋಣೆ

ತಿರುಮಣಿ ಕಡೆಯ ಸೋಲಾರ್ ಕಂಪನಿಯೊಂದರಲ್ಲಿ ನನಗೆ ಪ್ರಥಮ ಚಿಕಿತ್ಸೆಯ ಕೆಲಸ. ಏನೇನು ಮಾಡುತ್ತೀಯ ಎಂದು ಯಾರಾದರೂ ಕೇಳಿದರೆ, ಏನೇನು ಮಾಡಬಾರದು ಎಂದು ಹೇಳುವುದೇ ನನಗೆ ಸುಲಭ. ಇಂಜೆಕ್ಷನ್ ಚುಚ್ಚಬಾರದು, ಡ್ರಿಪ್ ಹಾಕಬಾರದು, ಹೊಲಿಗೆಯ ಮಾತೇ ಎತ್ತಬಾರದು. ಗಾಯ ತೊಳೆದು ಪಟ್ಟಿ ಕಟ್ಟಬಹುದು, ತಲೆನೋವಿಗೆ ಮಾತ್ರೆ ಕೊಡಬಹುದು, ಬಿಸಿಲಿಗೆ ಬಳಲಿದವರಿಗೆ ಉಪ್ಪುಸಕ್ಕರೆ ನೀರು ಕುಡಿಸಬಹುದು, ಆಕ್ಸಿಜನ್ ಕೊಡಬಹುದು, ಆಂಬುಲೆನ್ಸಿಗೆ ಫೋನ್ ಮಾಡಬಹುದು. ಅಲ್ಲಿಗೆ ಮುಗಿಯಿತು.

ಇದಕ್ಕೆ ಮೊದಲು ನಾನು ಮಧುಗಿರಿಯಲ್ಲಿ ಆಂಬುಲೆನ್ಸಿನ ಹಿಂದೆ ಕೂತು ದುಡಿದವಳು. ಮಿಡಿಗೇಶಿ ರಸ್ತೆಯಲ್ಲಿ ಗಾಡಿ ಎತ್ತಿ ಹಾಕುತ್ತಿರುವಾಗಲೇ ನರ ಹುಡುಕಿ ಡ್ರಿಪ್ ಏರಿಸಿದ್ದೇನೆ, ಓಡುವ ಗಾಡಿಯಲ್ಲೇ ಹೆರಿಗೆ ಮಾಡಿಸಿದ್ದೇನೆ. ಫೋನಿನಲ್ಲಿ ಡಾಕ್ಟರು ಹೂಂ ಎಂದರೆ ಸಾಕು, ನನ್ನ ಕೈ ಓಡುತ್ತಿತ್ತು. ಮಗು ಚಿಕ್ಕದಿತ್ತು, ರಾತ್ರಿ ಪಾಳಿ ಆಗಲಿಲ್ಲ, ಈ ಕೆಲಸಕ್ಕೆ ಬಂದೆ. ಕೈ ಅದೇ, ಕಲಿತದ್ದೂ ಅದೇ. ಆದರೆ ಗಾಡಿಯಿಂದ ಇಳಿದಿದ್ದೇ ತಡ, ಆ ಕೈಗೆ ಬೀಗ ಬಿತ್ತು.

ನಿಯಮಕ್ಕೆ ಅರ್ಥವೇ ಇಲ್ಲ ಎನ್ನುವವಳಲ್ಲ ನಾನು. ಹೇಳಿಕೊಡಲು ಡಾಕ್ಟರಿಲ್ಲದ ಕೋಣೆಯಲ್ಲಿ ಕಂಡಕಂಡವರಿಗೆಲ್ಲ ಚುಚ್ಚುತ್ತಾ ಕೂರುವುದು ನನಗೂ ಬೇಡ. ಆದರೆ ಇದನ್ನು ಇಲ್ಲಿಯ ಕೆಲಸದವರಿಗೆ ತಿಳಿಸಿ ಹೇಳಿ ನೋಡಿ. ನಮ್ಮ ಕಡೆ ಜ್ವರಕ್ಕೂ ಸೂಜಿ, ಸೊಂಟ ನೋವಿಗೂ ಸೂಜಿ. ಚುಚ್ಚಿಸಿಕೊಳ್ಳದೆ ಬಂದರೆ ಆಸ್ಪತ್ರೆಗೆ ಹೋದ ಲೆಕ್ಕಕ್ಕೇ ಇಲ್ಲ. ಪ್ಯಾನೆಲ್ ತೊಳೆಯುವ ಹೆಂಗಸರು ಮೊದಮೊದಲು ನನ್ನನ್ನು ಡಾಕ್ಟ್ರಮ್ಮ ಎಂದರು. ಸೂಜಿ ಹಾಕುವುದಿಲ್ಲ ಎಂದು ಗೊತ್ತಾದ ಮೇಲೆ ಮಾತ್ರೆ ಅಕ್ಕ ಎಂದರು. ಆಮೇಲೆ ಬರುವುದನ್ನೇ ಬಿಟ್ಟರು. ಪಕ್ಕದ ಊರಿನಲ್ಲಿ ಒಬ್ಬನಿದ್ದಾನೆ, ಹಿಂದೆ ಯಾವುದೋ ಕ್ಲಿನಿಕ್ಕಿನಲ್ಲಿ ಕಸ ಗುಡಿಸಿಕೊಂಡಿದ್ದವನು. ಅವನಿಗೆ ಯಾವ ನಿಯಮವೂ ಇಲ್ಲ. ಯಾರು ಹೋದರೂ ಚುಚ್ಚುತ್ತಾನೆ. ಎಲ್ಲರೂ ಅವನ ಮನೆ ಮುಂದೆ ಸಾಲು. ನನಗೆ ಮೈಯೆಲ್ಲಾ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಕಿಟಕಿಯಲ್ಲಿ ನೋಡುತ್ತೇನೆ, ಒಂದು ಬೈಕು ಗೇಟಿನ ಕಡೆ ಹೋಗುತ್ತಿದೆ. ನಡುವೆ ಪ್ಯಾನೆಲ್ ತೊಳೆಯುವ ಹೆಂಗಸೊಬ್ಬಳು, ಹಿಂದೆ ಅವಳನ್ನು ತಬ್ಬಿ ಹಿಡಿದ ಅವಳ ಅತ್ತೆ, ಓಡಿಸುತ್ತಿದ್ದವನು ಅವಳ ಮೈದುನ. ಸೊಸೆಯ ತಲೆ ಅತ್ತಿತ್ತ ತೂಗುತ್ತಿತ್ತು. ನಾನು ಓಡಿಹೋಗಿ ಅಡ್ಡ ನಿಂತೆ. ಪ್ಯಾನೆಲ್ಲಿನ ಅಡಿಯಲ್ಲಿ ಕಣಜದ ಗೂಡಿತ್ತಂತೆ, ಬ್ರಷ್ಷು ತಾಗಿ ಹುಳುಗಳು ಮುತ್ತಿದವಂತೆ. ಕಚ್ಚಿದಲ್ಲೆಲ್ಲಾ ಆಗಲೇ ಸುಣ್ಣ ಬಳಿದಿದ್ದರು. ಅವಳ ತುಟಿ, ರೆಪ್ಪೆ ಊದಿದ್ದವು, ಉಸಿರು ಸುಂಯ್‌ಗುಡುತ್ತಿತ್ತು. ಗಂಟಲು ಒಳಗಿಂದ ಮುಚ್ಚಿಕೊಳ್ಳುತ್ತಿದೆ ಎಂದು ನನಗೆ ನೋಡಿದ ಕೂಡಲೇ ತಿಳಿಯಿತು. ಅವರು ಹೊರಟಿದ್ದು ಆ ಸೂಜಿಯವನ ಮನೆಗೆ. ನನ್ನ ಬಾಗಿಲ ಮುಂದೆಯೇ, ನಿಲ್ಲಿಸದೆ.

ಇಳಿಸಿ ಎಂದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಿನ್ತಾವ ಸೂಜಿ ಐತೇನಮ್ಮಾ? ಇಲ್ಲ ತಾನೆ. ದಾರಿ ಬುಡು."

ವಾದಕ್ಕೆ ಹೊತ್ತಿರಲಿಲ್ಲ. ಬೈಕಿನ ಕೀ ಕಿತ್ತುಕೊಂಡೆ. ಅದನ್ನು ಮಾಡಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಅವಳನ್ನು ಒಳಗೆ ಕರೆತಂದು ಕಾಲು ಚಾಚಿಸಿ ಒರಗಿಸಿ ಕೂರಿಸಿದೆ, ಆಕ್ಸಿಜನ್ ಹಾಕಿದೆ, ಆಂಬುಲೆನ್ಸಿಗೆ ಫೋನ್ ಮಾಡಿದೆ. ಅವಳಿಗೆ ಬೇಕಾಗಿದ್ದದ್ದು ಗಂಟಲ ಬಾವು ಇಳಿಸುವ ಅಡ್ರಿನಲಿನ್ ಇಂಜೆಕ್ಷನ್, ಅದೂ ಆಗಿಂದಾಗಲೇ, ತೊಡೆಗೆ. ಎಷ್ಟು, ಎಲ್ಲಿ, ಹೇಗೆ, ಎಲ್ಲ ಗೊತ್ತು. ಔಷಧಿ ಮಾತ್ರ ಕೋಣೆಯಲ್ಲಿಲ್ಲ, ಇದ್ದರೂ ಮುಟ್ಟುವ ಹಾಗಿಲ್ಲ. ಅವಳ ಕೈ ಹಿಡಿದು ಉಸಿರು ನೋಡುತ್ತಾ ಕೂತೆ. ಇಡೀ ಜನ್ಮದಲ್ಲಿ ಅಷ್ಟು ಕೈಲಾಗದವಳಾಗಿ ನಾನು ಕೂತಿದ್ದಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ನನಗೆ ಶಾಪ ಹಾಕುತ್ತಿದ್ದಳು. ಅವಳ ಮೇಲೆ ಸಿಟ್ಟೂ ಬರಲಿಲ್ಲ.

ಆಂಬುಲೆನ್ಸಿನಲ್ಲಿ ಬಂದವನು ನನ್ನ ಜೊತೆಯಲ್ಲೇ ತರಬೇತಿ ಮುಗಿಸಿದವನು. ಡಾಕ್ಟರಿಗೆ ಫೋನ್ ಹಚ್ಚಿದ, ಅವರು ಹೂಂ ಎಂದರು, ಚುಚ್ಚಿದ. ಸ್ವಲ್ಪ ಹೊತ್ತಿಗೆ ಆ ಸುಂಯ್ ಶಬ್ದ ತಗ್ಗಿತು. ಅವಳು ಕಣ್ಣು ಬಿಟ್ಟು ನೀರು ಕೇಳಿದಳು. ಪಾವಗಡದ ಆಸ್ಪತ್ರೆಗೆ ಗಾಡಿ ಹೊರಟಾಗ ಅತ್ತೆ ಅವನಿಗೆ ಕೈ ಮುಗಿದಳು. ನನ್ನ ಕೈಯಿಂದ ಬೈಕಿನ ಕೀ ಕಿತ್ತುಕೊಂಡಳು.

ಮಾರನೆಯ ದಿನ ನಾನು ಸುರಕ್ಷತೆ ನೋಡಿಕೊಳ್ಳುವ ಸಾಹೇಬರ ಮುಂದೆ ನಿಂತೆ. ಆ ಒಂದು ಔಷಧಿ ಕೋಣೆಯಲ್ಲಿರಲಿ, ಡಾಕ್ಟರು ಫೋನಿನಲ್ಲಿ ಹೇಳಿದರೆ ಮಾತ್ರ ಹಾಕುತ್ತೇನೆ, ಅದಕ್ಕೊಂದು ಅನುಮತಿ ಮಾಡಿಸಿಕೊಡಿ ಎಂದೆ. ನಾನು ಹಾಕದಿದ್ದರೆ ಜನ ಹೋಗುವುದು ಆಸ್ಪತ್ರೆಗಲ್ಲ, ಆ ಸೂಜಿಯವನ ಹತ್ತಿರಕ್ಕೆ ಎಂದೂ ಬಿಡಿಸಿ ಹೇಳಿದೆ. ಸಾಹೇಬರು ತಲೆಯಾಡಿಸುತ್ತಾ ಕೇಳಿದರು. ಜನರಲ್ಲಿ ಗೊಂದಲ ಇರುವುದು ನಿಜ, ಸರಿಪಡಿಸೋಣ ಎಂದರು. ನಾನು ಖುಷಿಯಲ್ಲೇ ಮನೆಗೆ ಹೋದೆ.

ಸರಿಪಡಿಸಲು ಬಂದವನು ಡ್ರಿಲ್ಲಿಂಗ್ ಮೆಷಿನ್ನು ಹಿಡಿದು ಬಂದ. ನನ್ನ ಬಾಗಿಲ ಮೇಲೆ ಬೋರ್ಡು ಬಿಗಿದ. ಇಲ್ಲಿ ಇಂಜೆಕ್ಷನ್ ಹಾಕುವುದಿಲ್ಲ. ಕನ್ನಡದಲ್ಲೊಂದು ಸಾಲು, ತೆಲುಗಿನಲ್ಲೊಂದು ಸಾಲು, ದೂರದ ಗೇಟಿಗೂ ಕಾಣುವಷ್ಟು ದಪ್ಪ ಅಕ್ಷರ.

ಸೊಸೆ ಚೇತರಿಸಿಕೊಂಡು ಕೆಲಸಕ್ಕೆ ಬಂದ ದಿನ ನನ್ನ ಬಾಗಿಲಿಗೇ ಬಂದಳು. ಒಳಗೆ ಬರಲಿಲ್ಲ. ಬೋರ್ಡನ್ನೇ ನೋಡುತ್ತಾ ನಿಂತಳು.

"ಅಕ್ಕಾ, ಇದುನ್ನ ತೆಗುದ್ಬುಡು. ನಂಗೆ ಇನ್ನೊಂದ್ಸಲ ಹುಳ ಕಚ್ಚುದ್ರೆ, ನಮ್ಮೋರು ಇದುನ್ನ ನೋಡ್ಕಂಡು ಸೀದಾ ಅವನ್ತಾವ್ಕೇ ಕರ್ಕಂಡೋಯ್ತಾರೆ."

ಅದನ್ನು ತೆಗೆಯುವ ಅಧಿಕಾರವೂ ನನಗಿರಲಿಲ್ಲ.